ಟ್ಯಾಂಕ್ ಮೂತಿಯಲ್ಲೋ, ರೆಕ್ಕೆಯಲ್ಲೋ?

ಹೊಸೂರಿನಲ್ಲಿ ಎರಡು ಸೀಟಿನ ವಿಮಾನ ಕಟ್ಟುತ್ತಿದ್ದೀರಿ, 40 ಲೀಟರ್ ಪೆಟ್ರೋಲ್ ಟ್ಯಾಂಕ್ ಮೂತಿಯಲ್ಲಿ, ಡ್ಯಾಶ್‌ಬೋರ್ಡ್ ಮುಂದೆ ಇಡೋದಾ, ರೆಕ್ಕೆಯಲ್ಲಾ ಅಂತ ಕೇಳಿದ್ದೀರಿ. ನನ್ನ ಓಟು ರೆಕ್ಕೆಗೆ ಸಾರ್.

ಲೆಕ್ಕ ನೋಡಿ. ಪೆಟ್ರೋಲ್ ಲೀಟರಿಗೆ ಸುಮಾರು 0.72 ಕೆಜಿ, ಫುಲ್ ಟ್ಯಾಂಕ್ 29 ಕೆಜಿ. ಒಟ್ಟು ತೂಕ 450 ಕೆಜಿ, ಟ್ಯಾಂಕ್ ಭಾರಕೇಂದ್ರಕ್ಕಿಂತ (ವಿಮಾನದ ತೂಕ ಹಿಂದೆ ಮುಂದೆ ಸಮತೂಗುವ ಬಿಂದು) 60 ಸೆಂ.ಮೀ. ಮುಂದೆ ಅಂದುಕೊಳ್ಳಿ. ಪೆಟ್ರೋಲ್ ಮುಗಿಯುವಷ್ಟರಲ್ಲಿ ಭಾರಕೇಂದ್ರ 4 ಸೆಂ.ಮೀ. ಹಿಂದೆ ಸರಿದಿರುತ್ತದೆ. ಹೊರಡುವಾಗ ಸರಿಯಿದ್ದ ವಿಮಾನ ಇಳಿಯುವಾಗ ಬಾಲ ಭಾರ ಆಗಬಹುದು. ಆಗ ಸ್ಟಾಲ್ ಆದರೆ, ಅಂದರೆ ಮೂತಿ ಅತಿಯಾಗಿ ಎದ್ದು ರೆಕ್ಕೆ ಎತ್ತುವ ಬಲ ಕಳೆದುಕೊಂಡರೆ, ಮೂತಿ ಇಳಿಸೋದೇ ಕಷ್ಟ. ಸೀಟಿನ ಹಿಂದೆ ಬ್ಯಾಗ್ ಇದ್ದರಂತೂ ಕೇಳಲೇಬೇಡಿ!

ರೆಕ್ಕೆಯ ಟ್ಯಾಂಕ್ ಸಾಮಾನ್ಯವಾಗಿ ಭಾರಕೇಂದ್ರದ ಹತ್ತಿರವೇ ಇರುತ್ತದೆ. ಹಾರುವಾಗ ರೆಕ್ಕೆಯನ್ನು ಮೇಲೆತ್ತುವ ಬಲಕ್ಕೆ ಪೆಟ್ರೋಲಿನ ತೂಕ ಎದುರಾಗುವುದರಿಂದ ರೆಕ್ಕೆಯ ಬುಡಕ್ಕೆ ಬೀಳುವ ಬಾಗುವ ಒತ್ತಡವೂ ಕಡಿಮೆ. ರೆಕ್ಕೆ ಎಂಜಿನ್‌ಗಿಂತ ಕೆಳಗಿದ್ದರೆ ಪೆಟ್ರೋಲ್ ಮೇಲೆತ್ತಲು ಪಂಪ್ ಬೇಕು, ಅದೊಂದು ಜಾಸ್ತಿ ಕೆಲಸ. ಎಲ್ಲಿಟ್ಟರೂ ಟ್ಯಾಂಕ್ ಫುಲ್ ಇದ್ದಾಗ ಮತ್ತು ಖಾಲಿಯಾದಾಗ ಭಾರಕೇಂದ್ರ ಎಲ್ಲಿರುತ್ತೆ ಅಂತ, ಎರಡೂ ಲೆಕ್ಕ ಹಾಕಿ.