ಮುಂದಿನ ಸಾಲನ್ನೂ ಓದಿಸಿ ಮೇಷ್ಟ್ರೇ

ಹಾಸನ ಜಿಲ್ಲೆಯಿಂದ ನಿವೃತ್ತ ಜೀವಶಾಸ್ತ್ರ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಮೆದುಳಿಗೆ ರಕ್ತ ಕಮ್ಮಿಯಾದ ಮೇಲೆ ಹೊಸ ನರಕೋಶಗಳು ಹುಟ್ಟುತ್ತವೆ ಎಂದು ಹೋದ ಸಂಚಿಕೆಯಲ್ಲಿ ಹಾಕಿದ್ದೀರಿ. ನರಕೋಶ ಸತ್ತರೆ ಮತ್ತೆ ಹುಟ್ಟುವುದಿಲ್ಲ ಎಂದು ಮೂವತ್ತೊಂದು ವರ್ಷ ಪಾಠ ಮಾಡಿದವನು ನಾನು. ನನ್ನ ತಮ್ಮನಿಗೆ ಲಕ್ವ ಹೊಡೆದು ಎಂಟು ತಿಂಗಳಾಯಿತು, ಬಲಗೈ ಬಿದ್ದುಹೋಗಿದೆ. ಆಗಿದ್ದು ಆಯಿತು ಎಂದು ಮನೆಯವರೆಲ್ಲ ಮನಸ್ಸು ಗಟ್ಟಿ ಮಾಡಿಕೊಂಡಿರುವಾಗ ನೀವು ಸುಳ್ಳು ಆಸೆ ಹುಟ್ಟಿಸಬಾರದು."

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ. ನಿಮ್ಮ ಪತ್ರ ಮೂರು ಸಲ ಓದಿದೆ. ತಪ್ಪು ಅನ್ಸಿದ್ದನ್ನ ಮುಖಕ್ಕೆ ಹೇಳಿ ಕೆಳಗೆ ಸಹಿ ಹಾಕೋ ಓದುಗರು ಈಗ ಕಮ್ಮಿ ಆಗ್ತಿದ್ದಾರೆ, ನಿಮ್ಮಂಥೋರ ಹತ್ರ ಪಾಠ ಕಲಿತ ಮಕ್ಕಳು ಪುಣ್ಯವಂತರು. ಆದ್ರೂ ಈ ವಿಷಯದಲ್ಲಿ ನಿಮ್ಮ ಜೊತೆ ಜಗಳ ಆಡ್ಲೇಬೇಕು.

ಮೊದಲು ನಿಮ್ಮ ಕಡೆ ಇರೋ ಸತ್ಯ. ಮೆದುಳಿನ ಸತ್ತ ಭಾಗ ಮುರಿದ ಮೂಳೆ ಕೂಡಿಕೊಂಡ ಹಾಗೆ ಕೂಡಲ್ಲ. ಸ್ಟ್ರೋಕ್ ಆಗಿ ತೀರಿಕೊಂಡವರ ಮೆದುಳಿನ ಹೊರಪದರದ ಕೋಶಗಳ ವಯಸ್ಸನ್ನ ಕಾರ್ಬನ್-14 ಅನ್ನೋ ವಿಕಿರಣ ಇಂಗಾಲದ ಲೆಕ್ಕದಿಂದ ಅಳೆದು 2014ರಲ್ಲಿ ಒಂದು ಅಧ್ಯಯನ ಬಂತು, ಅಲ್ಲಿ ಹೊಸ ನರಕೋಶ ಸಿಗ್ಲಿಲ್ಲ. ಒಪ್ಪಿದೆ.

ಆದ್ರೆ ನೀವು ಬೋರ್ಡ್ ಮೇಲೆ ಬರೀತಿದ್ದ ಆ ವಾಕ್ಯ ಎಲ್ಲಿಂದ ಬಂತು ಅಂತ ಯಾವತ್ತಾದ್ರೂ ಹುಡುಕಿದ್ರಾ? ಸ್ಪೇನಿನ ಸಾಂಟಿಯಾಗೊ ರಮೋನ್ ಇ ಕಹಾಲ್, 1906ರಲ್ಲಿ ನೊಬೆಲ್ ಪಡೆದೋರು, ನರಕೋಶಗಳ ಚಿತ್ರ ಕೈಯಲ್ಲೇ ಬಿಡಿಸಿ ಜಗತ್ತಿಗೆ ತೋರಿಸಿದ ಮಹಾನುಭಾವ. ಬೆಳೆದವರ ಮೆದುಳಲ್ಲಿ ಎಲ್ಲವೂ ಸಾಯಬಹುದು, ಯಾವುದೂ ಮತ್ತೆ ಹುಟ್ಟಲ್ಲ ಅಂತ ಬರೆದಿದ್ದು ಅವರೇ. ಅಲ್ಲಿಗೆ ನಿಲ್ಲಿಸಿದ್ರೆ ನೀವು ಗೆದ್ರಿ. ಅವರು ನಿಲ್ಲಿಸ್ಲಿಲ್ಲ. ಈ ಕಠಿಣ ತೀರ್ಪನ್ನ ಸಾಧ್ಯವಾದ್ರೆ ಬದಲಾಯಿಸೋದು ಮುಂದೆ ಬರೋ ವಿಜ್ಞಾನದ ಕೆಲಸ ಅಂತ ಅದರ ಮುಂದಿನ ಸಾಲಲ್ಲೇ ಬರೆದ್ರು. ನಮಗೆ ಕಲಿಸಿದೋರು ಮೊದಲನೇ ಸಾಲು ಕಲಿಸಿ ಎರಡನೇದನ್ನ ಬಿಟ್ಟುಬಿಟ್ರು. ನನ್ನ ಹೊಟ್ಟೆ ಉರಿಯೋದು ಅದಕ್ಕೇ.

ಆ ಎರಡನೇ ಸಾಲನ್ನ ನಂಬಿ ಕೆಲಸ ಮಾಡಿದೋರ ಪಾಡು ನೋಡಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿದ್ದ ಜೋಸೆಫ್ ಆಲ್ಟ್‌ಮನ್ ಬೆಳೆದ ಇಲಿಗಳ ಮೆದುಳಲ್ಲಿ ಹೊಸ ಕೋಶ ಹುಟ್ಟೋ ಗುರುತು ಸಿಕ್ಕಿದೆ ಅಂತ 1962ರಲ್ಲೇ ಬರೆದ್ರು, 1965ರಲ್ಲಿ ಗೋಪಾಲ್ ದಾಸ್ ಅವರ ಜೊತೆ ಸೇರಿ ನೆನಪಿನ ಜಾಗವಾದ ಹಿಪ್ಪೊಕ್ಯಾಂಪಸ್‌ನಲ್ಲಿ ಅದನ್ನ ವಿವರವಾಗಿ ತೋರಿಸಿದ್ರು. ಹೆಚ್ಚಿನವರು ನಂಬ್ಲಿಲ್ಲ. 1977ರಲ್ಲಿ ಮೈಕಲ್ ಕಪ್ಲಾನ್ ಎಲೆಕ್ಟ್ರಾನ್ ಮೈಕ್ರೋಸ್ಕೋಪಲ್ಲಿ ತೋರಿಸಿದ್ರು, ಆಗ್ಲೂ ಅಷ್ಟೇ. ಮನುಷ್ಯರ ಮೆದುಳಲ್ಲೂ ಇದೆ ಅಂತ ಸ್ವೀಡನ್ನಿನ ಪೀಟರ್ ಎರಿಕ್ಸನ್, ಅಮೆರಿಕದ ಫ್ರೆಡ್ ಗೇಜ್ ತಂಡ ತೋರಿಸೋ ಹೊತ್ತಿಗೆ 1998. ಗಡ್ಡೆ ಎಷ್ಟು ಬೆಳೀತಿದೆ ಅಂತ ತಿಳಿಯೋಕೆ ಕ್ಯಾನ್ಸರ್ ರೋಗಿಗಳಿಗೆ ಒಂದು ಗುರುತಿನ ಔಷಧಿ ಕೊಟ್ಟಿದ್ರು, ಹೊಸದಾಗಿ ಹುಟ್ಟೋ ಕೋಶಗಳಲ್ಲಿ ಅದು ಉಳಿದುಕೊಳ್ಳುತ್ತೆ. ಅಂಥ ಐದು ಜನ ತೀರಿಕೊಂಡ ಮೇಲೆ ಅವರ ಮೆದುಳನ್ನ ಪರೀಕ್ಷೆ ಮಾಡಿದ್ರು, ಗುರುತು ಅಲ್ಲಿತ್ತು. ಸಾವಿನ ಹಾಸಿಗೇಲಿದ್ದೋರ ಮೆದುಳಲ್ಲಿ ಹೊಸ ನರಕೋಶ, ಮೇಷ್ಟ್ರೇ! ಇದನ್ನ ಬರೀವಾಗ ಈಗ್ಲೂ ನನಗೆ ಮೈ ಜುಮ್ ಅನ್ನುತ್ತೆ. ಎಷ್ಟು ಹುಟ್ಟುತ್ತೆ ಅನ್ನೋ ವಾದ ಮುಗಿದಿಲ್ಲ, 2018ರಲ್ಲಿ ಒಂದು ತಂಡ ದೊಡ್ಡವರಲ್ಲಿ ಸಿಗ್ಲೇ ಇಲ್ಲ ಅಂತು, ಅದೇ ವರ್ಷ ಇನ್ನೊಂದು ತಂಡ ವಯಸ್ಸಾದವರಲ್ಲೂ ಇದೆ ಅಂತು.

ಈಗ ರಕ್ತದ ವಿಷಯಕ್ಕೆ ಬರ್ತೀನಿ. ನೂರು ಗ್ರಾಂ ಮೆದುಳಿಗೆ ನಿಮಿಷಕ್ಕೆ ಸುಮಾರು 50 ಮಿಲೀ ರಕ್ತ ಬೇಕು. 20ಕ್ಕಿಂತ ಕೆಳಗಿಳಿದ್ರೆ ಕೋಶ ಕೆಲಸ ನಿಲ್ಲಿಸುತ್ತೆ ಆದ್ರೆ ಜೀವ ಹಿಡ್ಕೊಂಡಿರುತ್ತೆ, 10ರ ಹತ್ರ ಹೋದ್ರೆ ಸಾಯುತ್ತೆ. ದೊಡ್ಡ ರಕ್ತನಾಳ ಕಟ್ಟಿಕೊಂಡಾಗ ನಿಮಿಷಕ್ಕೆ 19 ಲಕ್ಷ ನರಕೋಶ ಹೋಗುತ್ತೆ ಅಂತ ಲೆಕ್ಕ ಹಾಕಿದ್ದಾರೆ. ಅದಕ್ಕೇ ಬಾಯಿ ಸೊಟ್ಟ ಆದ ತಕ್ಷಣ, ಕೈ ಜೋತುಬಿದ್ದ ತಕ್ಷಣ ಸಿಟಿ ಸ್ಕ್ಯಾನ್ ಇರೋ ಆಸ್ಪತ್ರೆಗೆ ಓಡಿ, ಹೆಪ್ಪು ಕರಗಿಸೋ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆಯೊಳಗೆ ಹೋಗ್ಬೇಕು. ಪಾರಿವಾಳದ ರಕ್ತ ತಿಕ್ಕೋರ ಮನೆ ಹುಡುಕ್ತಾ ಆ ಹೊತ್ತು ಕಳೀಬೇಡಿ.

ರಕ್ತ ನಿಂತ ಆ ಮೆದುಳು ಮುಂದೇನು ಮಾಡುತ್ತೆ? ಜರ್ಬಿಲ್ ಅನ್ನೋ ಇಲಿಜಾತಿಯ ಪ್ರಾಣಿಗೆ ಕತ್ತಿನ ಎರಡೂ ರಕ್ತನಾಳ ಹತ್ತು ನಿಮಿಷ ಹಿಡಿದು ಬಿಟ್ರು, ಒಂದೆರಡು ವಾರಕ್ಕೆ ಹಿಪ್ಪೊಕ್ಯಾಂಪಸ್‌ನ ಒಂದು ಪದರದಲ್ಲಿ ಕೋಶ ಹುಟ್ಟೋದು 12 ಪಟ್ಟು ಜಾಸ್ತಿ ಆಗಿತ್ತು, ಇದೂ 1998ರದ್ದೇ. 2002ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಓಲ್ಲೆ ಲಿಂಡ್‌ವಾಲ್ ತಂಡ ಇಲಿಗಳಿಗೆ ಎರಡು ಗಂಟೆ ರಕ್ತ ತಡೆದು ನೋಡಿದ್ರು. ಮೆದುಳಿನ ಒಳಗಿನ ನೀರು ತುಂಬಿದ ಕುಳಿಗಳ ಗೋಡೆಯಲ್ಲಿ ಮರಿಕೋಶಗಳು ಹುಟ್ಟಿ, ಯಾರೂ ಕರೀದೆ ಯಾರೂ ದಾರಿ ತೋರಿಸ್ದೆ, ಏಟು ಬಿದ್ದ ಜಾಗಕ್ಕೇ ಹೊರಟವು. ರಕ್ತನಾಳಗಳನ್ನೇ ದಾರಿ ಮಾಡ್ಕೊಂಡು ಹೋಗುತ್ತವೆ ಅನ್ನೋದು ಆಮೇಲೆ ಗೊತ್ತಾಯ್ತು. ಅಲ್ಲಿ ತಲುಪಿ, ಸತ್ತ ಕೋಶಗಳ ಥರವೇ ಬೆಳೆಯೋಕೆ ಶುರು ಮಾಡಿದವು.

ಸುಳ್ಳು ಆಸೆ ಹುಟ್ಟಿಸ್ಬೇಡಿ ಅಂದ್ರಲ್ಲ, ಅದಕ್ಕೆ ಇದನ್ನೂ ಹೇಳ್ತೀನಿ. ಹಾಗೆ ಹುಟ್ಟಿದ್ದರಲ್ಲಿ ನೂರಕ್ಕೆ 80 ಆರು ವಾರದೊಳಗೆ ಸತ್ತವು, ಉಳಿದಿದ್ದು, ಏಟಿಗೆ ಸತ್ತ ಹಳೇ ಕೋಶಗಳ ಲೆಕ್ಕದಲ್ಲಿ ನೋಡಿದ್ರೆ, ಶೇಕಡಾ 0.2 ಮಾತ್ರ. ಊತ ಇತ್ತು, ಪೋಷಣೆ ಇರ್ಲಿಲ್ಲ, ಹೋದ ಜಾಗದಲ್ಲಿ ಉಳಿಸಿಕೊಳ್ಳೋರು ಇರ್ಲಿಲ್ಲ. ಅದೇ ವರ್ಷ ಟೋಕಿಯೊದಲ್ಲಿ ಬೆಳವಣಿಗೆ ಕೊಡೋ ಪ್ರೋಟೀನ್‌ಗಳನ್ನ ಇಲಿಗಳ ಮೆದುಳಿಗೆ ಹನಿಸಿದಾಗ ಹಿಪ್ಪೊಕ್ಯಾಂಪಸ್‌ನ ಸತ್ತ ಕೋಶಗಳಲ್ಲಿ ನೂರಕ್ಕೆ ಸುಮಾರು 40ರಷ್ಟು ಮತ್ತೆ ಕಾಣಿಸಿಕೊಂಡವು. ಅಂದ್ರೆ ಹುಟ್ಟೋ ಶಕ್ತಿ ಅಲ್ಲಿದೆ, ಕೊರತೆ ಇರೋದು ಆರೈಕೆದು. ಹೀಗೆ ಓದ್ತೀನಿ ನಾನು, ನೀವು ಬರೀ 0.2 ನೋಡ್ತೀರಿ.

ಆರೈಕೆ ಅಂದಾಗೆಲ್ಲ ನನಗೆ ನಮ್ಮ ಸೋದರಮಾವ ನೆನಪಾಗ್ತಾರೆ. ಕೋಲಾರದ ಕಡೆಯೋರು, ಸ್ಟ್ರೋಕ್ ಆದಾಗ ಐವತ್ತೆಂಟು ವಯಸ್ಸು. ಆಸ್ಪತ್ರೆಯಿಂದ ಕಳಿಸುವಾಗ ಕೊಟ್ಟ ಚೀಟಿಯಲ್ಲಿ ಏಳು ಮಾತ್ರೆ ಹೆಸರಿತ್ತು, ಆ ಬಲಗೈಗೆ ಏನು ಮಾಡಿಸ್ಬೇಕು ಅನ್ನೋದು ಒಂದಕ್ಷರ ಇರ್ಲಿಲ್ಲ. ಹಜಾರದ ಮೂಲೆಲಿ ಮಂಚ ಹಾಕಿದ್ರು, ನೋಡೋಕೆ ಬಂದೋರು ಅವರ ಎದುರಿಗೇ ಪಾಪ ಹೆಂಗಿದ್ದೋನು ಹೆಂಗಾದ ಅಂತ ಮಾತಾಡಿ ಕಾಫಿ ಕುಡಿದು ಹೋಗ್ತಿದ್ರು. ಅವರಿಗೆ ಎಲ್ಲಾ ಕೇಳಿಸ್ತಿತ್ತು. ಅವರೆಕಾಯಿ ಕಾಲ ಬಂತು, ಅತ್ತೆ ಒಂದಿನ ನೆನೆಸಿದ ಅವರೆಕಾಳಿನ ಬೋಗುಣಿ ತಂದು ಮಾವನ ಮುಂದಿಟ್ಟು, ಎಡಗೈಯನ್ನ ಟವೆಲಲ್ಲಿ ಸುತ್ತಿ, ಬಲಗೈಲಿ ಹಿದುಕಿ ಅಂದ್ರು. ಹೆಬ್ಬೆರಳು ತೋರುಬೆರಳ ಮಧ್ಯೆ ಹಿಡಿದು ಒತ್ತಿ ಸಿಪ್ಪೆಯಿಂದ ಬೇಳೆ ಚಿಮ್ಮಿಸೋದು ಎಷ್ಟು ಸೂಕ್ಷ್ಮದ ಕೆಲಸ ಅಂತ ಮಾಡಿದೋರಿಗೇ ಗೊತ್ತು. ಮೊದಲ ದಿನ ಇಡೀ ಮಧ್ಯಾಹ್ನಕ್ಕೆ ಮೂರೋ ನಾಲ್ಕೋ ಕಾಳು, ಮಾವ ಅತ್ತುಬಿಟ್ರು. ಅತ್ತೆ ಬಿಡ್ಲಿಲ್ಲ. ಸಂಕ್ರಾಂತಿ ಹೊತ್ತಿಗೆ ಒಂದು ಪಾವು ಹಿದುಕ್ತಿದ್ರು, ಯುಗಾದಿಗೆ ಅಂಗಿ ಗುಂಡಿ ತಾವೇ ಹಾಕ್ಕೊಂಡ್ರು.

ಹೊಸ ಕೋಶ ಹುಟ್ಟಿದ್ದಕ್ಕೇ ಹೀಗಾಯ್ತು ಅಂತ ನಾನು ಹೇಳ್ತಿಲ್ಲ, ಉಳಿದ ಕೋಶಗಳು ಹೊಸ ಸಂಪರ್ಕ ಬೆಳೆಸಿಕೊಂಡಿದ್ದರ ಪಾಲೇ ದೊಡ್ಡದು. ಆದ್ರೆ ಓದು ಬಾರದ ನಮ್ಮ ಅತ್ತೆ ಮಾಡಿದ್ದನ್ನೇ ಎಡ್ವರ್ಡ್ ಟೌಬ್ ಅನ್ನೋ ವಿಜ್ಞಾನಿ ಒಂದು ಚಿಕಿತ್ಸೆಯಾಗಿ ರೂಪಿಸಿದ್ರು, ಸರಿಯಿರೋ ಕೈ ಕಟ್ಟಿಹಾಕಿ ಸೋತ ಕೈಗೆ ಕೆಲಸ ಕೊಡೋದು. 2006ರಲ್ಲಿ ಬಂದ ದೊಡ್ಡ ಪರೀಕ್ಷೆಯಲ್ಲಿ 222 ಜನ ಇದ್ರು, ಸ್ಟ್ರೋಕ್ ಆಗಿ ಮೂರರಿಂದ ಒಂಬತ್ತು ತಿಂಗಳಾದೋರು. ಎರಡೇ ವಾರದ ಅಭ್ಯಾಸ, ಸುಧಾರಿಸಿದ್ದು ಒಂದು ವರ್ಷ ಕಳೆದ್ರೂ ಉಳಿದಿತ್ತು. ನಿಮ್ಮ ತಮ್ಮನಿಗೆ ಎಂಟು ತಿಂಗಳು. ಲೆಕ್ಕ ನೀವೇ ಹಾಕಿ. ಈ ಅಭ್ಯಾಸಕ್ಕೆ ಬೆರಳಲ್ಲಿ ಮಣಿಕಟ್ಟಲ್ಲಿ ಒಂಚೂರಾದ್ರೂ ಅಲುಗಾಟ ಇರ್ಬೇಕು, ಅದನ್ನ ಫಿಸಿಯೋಥೆರಪಿಯೋರ ಹತ್ರ ತೋರಿಸಿ ಕೇಳಿ.

ನಮ್ಮಲ್ಲಿ ಇದೊಂದು ಕೆಟ್ಟ ಚಾಳಿ ಬೆಳೆದುಬಿಟ್ಟಿದೆ, ಅರ್ಧ ವಾಕ್ಯ ಕೇಳಿ ಮನುಷ್ಯನನ್ನ ಮುಗಿಸಿಬಿಡೋದು. ಹತ್ತನೇ ಕ್ಲಾಸಲ್ಲಿ ಫೇಲಾದ ಹುಡುಗ ಮುಗಿದ, ಅರವತ್ತು ದಾಟಿದೋರು ಮುಗಿದ್ರು, ಲಕ್ವ ಹೊಡೆದೋರಂತೂ ಮಂಚದ ಮೇಲೆ ಉಸಿರಾಡೋ ಫೋಟೋ. ತಾಲ್ಲೂಕಿಗೆ ತಾಲ್ಲೂಕು ಹೆಂಡದ ಬಾರು, ಬಣ್ಣದ ಕಮಾನು ಎಲ್ಲಾ ಬರುತ್ತೆ, ಸ್ಟ್ರೋಕ್ ಆದೋರಿಗೆ ಮನೆ ಹತ್ರ ಬಂದು ಕೈ ಹಿಡಿದು ನಡೆಸೋ ಫಿಸಿಯೋಥೆರಪಿಯೋರು ಮಾತ್ರ ಸಿಗಲ್ಲ.

ನಿಮ್ಮ ಪತ್ರದಲ್ಲಿ ತಮ್ಮನ ಬಗ್ಗೆ ಇರೋದು ಎರಡೇ ಸಾಲು. ಅವರು ಏನು ಕೆಲಸ ಮಾಡ್ತಿದ್ರು, ಆ ಬಲಗೈ ಏನೇನು ಕಲಿತಿತ್ತು, ಟೈಲರಿಂಗಾ ತೋಟವಾ ತಬಲಾನಾ, ಒಂದೂ ಬರೆದಿಲ್ಲ. ಅವರನ್ನೇ ಕೇಳಿ ಬರೀರಿ. ಮಾತು ತೊದಲಿದ್ರೆ ಮಧ್ಯೆ ನೀವು ಪೂರ್ತಿ ಮಾಡ್ಬೇಡಿ ಮೇಷ್ಟ್ರೇ, ಅವರೇ ಹೇಳಿ ಮುಗಿಸೋವರೆಗೂ ಕಾಯಿರಿ.