ಉತ್ತರ: ಕರ್ನೆಲ್_ಕನೆಕ್ಟ್ ನಾವು ಕೊಟ್ಟ ವಿಳಾಸವನ್ನೇ ತಿದ್ದಬಹುದಾ?

ನಿಮ್ಮ ಪ್ರಶ್ನೆ ರಾತ್ರಿನೇ ನೋಡಿದ್ದೆ. ಫೋನಲ್ಲಿ ಒತ್ತಿ ಮುಗಿಯೋ ವಿಷಯ ಅಲ್ಲ ಅಂತ ಬೆಳಿಗ್ಗೆ ಕೂತು ಬರೀತಾ ಇದ್ದೀನಿ.

ತಡವಾಗಿ ಬಂದವರಿಗೆ ವಿಷಯ ಏನಂದ್ರೆ, ಇವರು ಮನೆಯಲ್ಲಿ ಮೂರು ಹಳೇ ಮಿನಿ ಪಿಸಿ ಜೋಡಿಸಿ ಕುಬರ್ನೆಟಿಸ್ (ಹಲವು ಮಷೀನುಗಳನ್ನ ಒಂದಾಗಿ ನಡೆಸೋ ವ್ಯವಸ್ಥೆ) ಕ್ಲಸ್ಟರ್ ಮಾಡಿದ್ದಾರೆ, ನೆಟ್‌ವರ್ಕಿಗೆ ಸಿಲಿಯಂ ಅನ್ನೋ ಸಾಫ್ಟ್‌ವೇರ್ ಹಾಕಿದ್ದಾರೆ, ಲಿನಕ್ಸ್ ಕರ್ನೆಲ್ 5.15. ಕಲಿಯೋಕೆ ಅಂತ ಒಂದು ಕರ್ನೆಲ್ ಮಾಡ್ಯೂಲ್ (ಕರ್ನೆಲ್ ಒಳಗೇ ಸೇರಿ ಓಡೋ ಕೋಡ್) ಬರೆದಿದ್ದಾರೆ. ಅದು ಕ್ಲಸ್ಟರಿನ ಒಂದು ಸರ್ವಿಸಿಗೆ ಟಿಸಿಪಿಯಲ್ಲಿ ಲಾಗ್ ಕಳಿಸುತ್ತೆ. ಸರ್ವಿಸಿನ ವಿಳಾಸ ಒಂದು ಗ್ಲೋಬಲ್ ಸ್ಟ್ರಕ್ಟಿನಲ್ಲಿದೆ, ಸಂಪರ್ಕ ಕಡಿದಾಗಲೆಲ್ಲ ಅದನ್ನೇ, ಕರ್ನೆಲ್ ಒಳಗಿನಿಂದ ಸಂಪರ್ಕ ಕಟ್ಟೋ ಫಂಕ್ಷನ್ ಆದ ಕರ್ನೆಲ್_ಕನೆಕ್ಟ್‌ಗೆ ಕೊಡ್ತಾರೆ. ಮೊದಲ ಸಲ ಸಲೀಸಾಗಿ ಹೋಗುತ್ತೆ. ಪಾಡ್ (ಸರ್ವಿಸಿನ ಹಿಂದೆ ನಿಜವಾಗಿ ಓಡೋ ಪ್ರೋಗ್ರಾಂ) ಬೇರೆ ಮಷೀನಿಗೆ ಹೋಯ್ತೋ, ಆಮೇಲೆ ಏನು ಮಾಡಿದರೂ ಸೇರಲ್ಲ. ಪ್ರಿಂಟ್ ಹಾಕಿ ನೋಡಿದರೆ ಕರೆಯೋ ಮುಂಚೆ 10.96.0.50 (ಸರ್ವಿಸಿನ ವಿಳಾಸ), ಕರೆದ ಮೇಲೆ 10.0.2.17 (ಪಾಡಿನ ವಿಳಾಸ). 'ನಾನು ಕೊಟ್ಟ ಆರ್ಗ್ಯುಮೆಂಟನ್ನ ಕರ್ನೆಲ್ ತಿದ್ದಬಹುದಾ, ಇಲ್ಲಾ ನನ್ನ ಮೆಮೊರಿ ಎಲ್ಲೋ ಕೆಡ್ತಾ ಇದೆಯಾ?' ಅಂತ ಕೇಳಿದ್ದಾರೆ.

ನಿಮ್ಮ ಮೆಮೊರಿ ಚೆನ್ನಾಗಿಯೇ ಇದೆ. 5.15ರ ಮೂಲ ಕೋಡಿನಲ್ಲಿ ಕರ್ನೆಲ್_ಕನೆಕ್ಟ್ ಆ ವಿಳಾಸವನ್ನು ತಿದ್ದಬಹುದು, ನಿಮ್ಮಲ್ಲಿ ತಿದ್ದಿದೆ. ಮೇಲೆ ಒಬ್ಬರು ಕೆಎಸಾನ್ (ಕರ್ನೆಲ್ ಮೆಮೊರಿ ತಪ್ಪು ಹಿಡಿಯೋ ಸಾಧನ) ಹಾಕಿ ಹುಡುಕಿ ಅಂದಿದ್ದಾರಲ್ಲ, ಅದಕ್ಕೆ ಸಮಯ ಹಾಳುಮಾಡಬೇಡಿ. ಬರೆದಿರೋದು ನೀವೇ ಕೊಟ್ಟ ಜಾಗಕ್ಕೆ, ಅದರ ಗಡಿಯ ಒಳಗೇ. ಕೆಎಸಾನ್ ಅದರಲ್ಲಿ ತಪ್ಪು ಕಾಣಲ್ಲ.

ಬರೆಯೋರು ಯಾರು ಅಂತ ನೋಡೋಣ. ಸಿಲಿಯಂ ಸರ್ವಿಸ್ ವಿಳಾಸವನ್ನು ಪಾಡ್ ವಿಳಾಸಕ್ಕೆ ತಿರುಗಿಸೋದು ಪ್ಯಾಕೆಟ್ ಹೊರಟ ಮೇಲೆ ಮಾತ್ರ ಅಲ್ಲ; ಸಾಕೆಟ್ ಮಟ್ಟದಲ್ಲೇ, ಕನೆಕ್ಟ್ ಕರೆದ ಗಳಿಗೆಯಲ್ಲೇ ಮಾಡುತ್ತೆ. 2018ರಲ್ಲಿ 4.17 ಕರ್ನೆಲ್ ಬಂದಾಗ ಬೈಂಡ್, ಕನೆಕ್ಟ್ ಎರಡಕ್ಕೂ ಬಿಪಿಎಫ್ (ಕರ್ನೆಲ್ ಒಳಗೆ ಓಡೋ ಪುಟ್ಟ ಪ್ರೋಗ್ರಾಂ) ಹುಕ್ ಬಂತು: ಸಿಗ್ರೂಪಿಗೆ (ಪ್ರೋಸೆಸ್‌ಗಳ ಗುಂಪಿಗೆ) ಒಂದು ಬಿಪಿಎಫ್ ಪ್ರೋಗ್ರಾಂ ಕಟ್ಟಿದರೆ, ಕನೆಕ್ಟ್ ಆಗೋ ಮುಂಚೆ ಅದು ಓಡಿ, ಗುರಿ ವಿಳಾಸವನ್ನೂ ಪೋರ್ಟನ್ನೂ ಬದಲಾಯಿಸಬಹುದು. ಹೊಸ ವಿಳಾಸವನ್ನ ಅದು ಪಕ್ಕದಲ್ಲಿ ಬರೆದಿಡಲ್ಲ. ಕೆಳಗೆ ಬಂದ ಪಾಯಿಂಟರ್ ಎಲ್ಲಿ ತೋರಿಸುತ್ತೋ ಅಲ್ಲೇ ಬರೆಯುತ್ತೆ. ನಿಮ್ಮ ಮಾಡ್ಯೂಲಿನಿಂದ ಆ ಹುಕ್ಕಿನವರೆಗೂ ಒಂದೇ ಪಾಯಿಂಟರ್ ಕೈಯಿಂದ ಕೈಗೆ ಇಳಿದು ಹೋಗಿರುತ್ತೆ, ನಡುವೆ ಯಾರೂ ನಕಲು ತೆಗೆಯಲ್ಲ.

ಹಾಗಾದ್ರೆ ಯೂಸರ್ ಸ್ಪೇಸಿನ (ಕರ್ನೆಲ್ ಹೊರಗೆ ಓಡೋ) ಪ್ರೋಗ್ರಾಂಗಳಿಗೆ ಇದು ಯಾಕೆ ಆಗಲ್ಲ? ಅವುಗಳಿಗೂ ಅದೇ ಹುಕ್ ಓಡುತ್ತೆ. ಆದರೆ ಕನೆಕ್ಟ್ ಸಿಸ್ಟಂ ಕಾಲ್ ಒಳಗೆ ಬಂದ ತಕ್ಷಣ ವಿಳಾಸವನ್ನು ಕರ್ನೆಲ್ ಸ್ಟ್ಯಾಕಿನಲ್ಲಿ ವಿಳಾಸ ಇಡೋ ಒಂದು ಸಾಕ್ಆಡ್ರ್_ಸ್ಟೋರೇಜ್‌ಗೆ ನಕಲು ಮಾಡಿಕೊಳ್ಳುತ್ತೆ. ಬಿಪಿಎಫ್ ಗೀಚೋದು ಆ ನಕಲಿನ ಮೇಲೆ. ತಾಲ್ಲೂಕು ಆಫೀಸಿಗೆ ಹೋದವರಿಗೆ ಹೇಳಬೇಕಾಗಿಲ್ಲ. ಪಹಣಿಯ ಜೆರಾಕ್ಸ್ ಕೊಟ್ಟರೆ ಅದರ ಮೇಲೆ ಷರಾ ಬರೀಲಿ, ಸೀಲ್ ಒತ್ತಲಿ, ಮೂಲ ಪತ್ರ ನಮ್ಮ ಬೀರುವಿನಲ್ಲಿರುತ್ತೆ. ಸಿಸ್ಟಂ ಕಾಲ್ ಬಾಗಿಲಲ್ಲಿ ಜೆರಾಕ್ಸ್ ಅಂಗಡಿ ಇದೆ, ಕರ್ನೆಲ್ ಒಳಗಿನಿಂದಲೇ ಕರೆಯೋರು ಮೂಲ ಪತ್ರವನ್ನೇ ಕೊಟ್ಟು ಬರ್ತಾರೆ.

ನೀವೊಬ್ಬರೇ ಈ ಹೊಂಡಕ್ಕೆ ಬಿದ್ದದ್ದಲ್ಲ. ಕರ್ನೆಲಿನ ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ದೂರದ ಫೈಲ್ ತೆರೆಯೋ ವ್ಯವಸ್ಥೆ) ಕ್ಲೈಂಟೇ ಬಿದ್ದಿತ್ತು. ಸ್ಟೋರೇಜ್ ಕಟ್ಟೋರು ಸಾಮಾನ್ಯವಾಗಿ ಎನ್‌ಎಫ್‌ಎಸ್ ಸರ್ವರಿಗೆ ಒಂದು ಶಾಶ್ವತ ವರ್ಚುವಲ್ ಐಪಿ ಕೊಡ್ತಾರೆ. ಹಿಂದಿರೋ ಅಸಲಿ ಸರ್ವರ್ ಸತ್ತರೆ ಇನ್ನೊಂದನ್ನು ಎಬ್ಬಿಸಿ ಅದೇ ವರ್ಚುವಲ್ ಐಪಿಯನ್ನ ಅದಕ್ಕೆ ತಿರುಗಿಸ್ತಾರೆ. ಎನ್‌ಎಫ್‌ಎಸ್ ಕೆಳಗಿರೋ ಆರ್‌ಪಿಸಿ ಪದರ ಆ ವಿಳಾಸವನ್ನ ತನ್ನ ಸ್ಟ್ರಕ್ಟಿನಲ್ಲಿ ಒಂದೇ ಪ್ರತಿಯಾಗಿ ಇಟ್ಟುಕೊಂಡು, ಅದರ ಪಾಯಿಂಟರನ್ನೇ ಕರ್ನೆಲ್_ಕನೆಕ್ಟ್‌ಗೆ ಕೊಡ್ತಿತ್ತು. ಸಿಲಿಯಂ ತರಹದ ಬಿಪಿಎಫ್ ಲೋಡ್ ಬ್ಯಾಲೆನ್ಸರ್ ಇದ್ದ ಕಡೆ ಮೊದಲ ಕನೆಕ್ಟಿಗೇ ವರ್ಚುವಲ್ ಐಪಿ ಅಳಿಸಿಹೋಗಿ ಅಸಲಿ ಸರ್ವರಿನ ಐಪಿ ಬಂದು ಕೂರುತ್ತಿತ್ತು. ಆ ಸರ್ವರ್ ಇರೋವರೆಗೂ ಯಾರಿಗೂ ಗೊತ್ತಾಗಲ್ಲ. ಅದು ಹೋದ ದಿನ ಕ್ಲೈಂಟ್ ಸತ್ತ ಐಪಿಯ ಬಾಗಿಲನ್ನೇ ಬಡೀತಾ ಕೂತಿರುತ್ತೆ, ಹಾರ್ಡ್ ಮೌಂಟ್ (ಉತ್ತರ ಬರೋವರೆಗೂ ಬಿಡದೆ ಕಾಯೋ ಜೋಡಣೆ) ಆದ್ರೆ ಡಿಎಫ್ (ಡಿಸ್ಕ್ ಜಾಗ ತೋರಿಸೋ ಕಮ್ಯಾಂಡ್) ಹೊಡೆದರೂ ಟರ್ಮಿನಲ್ ಅಲ್ಲಾಡಲ್ಲ. ಹೈ ಅವೈಲಬಿಲಿಟಿಗೆ ಅಂತ ಮಾಡಿದ ಏರ್ಪಾಡು ಬೇಕಾದ ಹೊತ್ತಲ್ಲೇ ಕೈಕೊಡೋದು ಅಂದ್ರೆ ಇದು.

2023ರಲ್ಲಿ ಇದಕ್ಕೆ ಸಾಲಾಗಿ ತಿದ್ದುಪಡಿಗಳು ಬಂದವು. ಕರ್ನೆಲ್_ಕನೆಕ್ಟ್ ತಾನೇ ಒಂದು ನಕಲು ಮಾಡಿ ಅದನ್ನ ಕೆಳಗೆ ಕೊಡೋ ಹಾಗೆ ಮಾಡಿದರು. ಕರ್ನೆಲ್_ಬೈಂಡ್‌ಗೂ ಅದೇ. ಯುಡಿಪಿಯಲ್ಲಿ ಸೆಂಡ್ಎಂಎಸ್‌ಜಿ ಹುಕ್ಕೂ ಗುರಿ ವಿಳಾಸ ತಿದ್ದಬಹುದಾದ್ದರಿಂದ, ಸಾಕ್_ಸೆಂಡ್ಎಂಎಸ್‌ಜಿ ಕೂಡ ಎಂಎಸ್‌ಜಿ_ನೇಮ್ (ಗುರಿ ವಿಳಾಸದ ಪಾಯಿಂಟರ್) ಅನ್ನು ನಕಲಿಗೆ ತಿರುಗಿಸಿ, ಕೆಲಸ ಮುಗಿದ ಮೇಲೆ ಮೂಲ ಪಾಯಿಂಟರ್ ವಾಪಸ್ ಇಡುತ್ತೆ. ಅಕ್ಟೋಬರ್ 2023ರ 6.6ರಲ್ಲಿ ಇವು ಇವೆ. ಇದರ ಜೊತೆಗೆ, ಸಾಕೆಟ್ಟಿನ ಆಪ್ಸ್ ಟೇಬಲಿನಿಂದ ಕನೆಕ್ಟನ್ನ ನೇರವಾಗಿ ಕರೀತಿದ್ದ ಸಬ್‌ಸಿಸ್ಟಂಗಳನ್ನೂ (ಸೆಫ್, ಎಸ್‌ಎಂಬಿ, ಡಿಎಲ್‌ಎಂ) ಕರ್ನೆಲ್_ಕನೆಕ್ಟ್ ಕಡೆಗೆ ತಿರುಗಿಸಿದರು. ನೇರ ಕರೆದರೆ ನಕಲು ಮಾಡೋ ಹೆಜ್ಜೆಯೇ ತಪ್ಪಿಹೋಗುತ್ತಲ್ಲ. ನಿಮ್ಮ ಮಾಡ್ಯೂಲಿನಲ್ಲೂ ಸಾಕ್-ಆಪ್ಸ್-ಕನೆಕ್ಟ್ ಅಂತ ಎಲ್ಲಾದರೂ ಇದ್ದರೆ ಮೊದಲು ಅದನ್ನ ತೆಗೀರಿ. 6.6ಕ್ಕೆ ಹೋದರೂ ಆ ಸಾಲು ನಿಮ್ಮನ್ನ ಕಾಯಲ್ಲ.

ಈಗ ನಿಮ್ಮ ಕೋಡಿಗೆ ಬರೋಣ. ಡಿಸ್ಟ್ರೋ ಕರ್ನೆಲ್‌ನವರು ತಿದ್ದುಪಡಿಗಳನ್ನ ಹಳೇ ಸಂಖ್ಯೆಯಲ್ಲೇ ಸೇರಿಸಿರ್ತಾರೆ, ಆದ್ದರಿಂದ ಬರೀ 5.15 ಅನ್ನೋದನ್ನ ನೋಡಿ ತೀರ್ಮಾನ ಮಾಡೋಕಾಗಲ್ಲ. ನೀವೇ ನಕಲು ಮಾಡಿಬಿಟ್ಟರೆ ಈ ತಲೆನೋವೇ ಇಲ್ಲ. ಗ್ಲೋಬಲ್ ಸ್ಟ್ರಕ್ಟ್ ಹಾಗೇ ಇರಲಿ. ಕನೆಕ್ಟ್ ಮಾಡೋ ಫಂಕ್ಷನ್ ಒಳಗೆ ಒಂದು ಲೋಕಲ್ ಸಾಕ್ಆಡ್ರ್_ಸ್ಟೋರೇಜ್ ಇಡಿ, ಮೆಮ್‌ಕಾಪಿ ಮಾಡಿ, ಅದರ ಪಾಯಿಂಟರ್ ಕೊಡಿ. 128 ಬೈಟ್ ಅಷ್ಟೇ, ಕರ್ನೆಲ್ ಸ್ಟ್ಯಾಕಿಗೆ ಭಾರವಲ್ಲ. ನಾನ್‌ಬ್ಲಾಕಿಂಗ್ ಕನೆಕ್ಟ್ ಮಾಡಿ ಇನ್‌ಪ್ರೋಗ್ರೆಸ್ (ಇನ್ನೂ ನಡೀತಿದೆ ಅನ್ನೋ ಉತ್ತರ) ಬಂದರೂ ಭಯ ಬೇಡ, ಟಿಸಿಪಿ ವಿಳಾಸವನ್ನ ಓದಿಕೊಳ್ಳೋದು ಆ ಕರೆಯ ಒಳಗೇ, ಆಮೇಲೆ ನಿಮ್ಮ ಸ್ಟ್ಯಾಕ್ ಪ್ರತಿ ಅದಕ್ಕೆ ಬೇಕಾಗಲ್ಲ. ಒಂದೇ ಎಚ್ಚರ: ಮೆಮ್‌ಕಾಪಿ ಮರುಪ್ರಯತ್ನದ ಲೂಪಿನ ಒಳಗೆ ಇರಬೇಕು. ಹೊರಗೆ ಒಂದೇ ಸಲ ನಕಲು ಮಾಡಿ ಅದೇ ನಕಲನ್ನು ಐದು ಸಲ ಕೊಟ್ಟರೆ ಎರಡನೇ ಸುತ್ತಿಗೆ ಮತ್ತೆ ಅದೇ ಕಥೆ. ಹಾಗೇ, ಸೋತ ಸಾಕೆಟ್ಟನ್ನ ಬಿಡುಗಡೆ ಮಾಡಿ ಹೊಸದನ್ನ ಮಾಡಿಕೊಳ್ಳಿ.

ಗ್ಲೋಬಲ್ ಸ್ಟ್ರಕ್ಟನ್ನ ಕಾನ್ಸ್ಟ್ (ಬದಲಾಯಿಸಬಾರದ್ದು) ಮಾಡಿ ಅಂತ ಇನ್ನೊಬ್ಬರ ಸಲಹೆ ಇದೆ. ಅರ್ಧ ಸರಿ. ಕರ್ನೆಲ್_ಕನೆಕ್ಟಿನ ಘೋಷಣೆಯಲ್ಲಿ ವಿಳಾಸದ ಮುಂದೆ ಕಾನ್ಸ್ಟ್ ಇಲ್ಲ, ಆದ್ದರಿಂದ ಕಂಪೈಲರ್ ಎಚ್ಚರಿಕೆ ಕೊಡುತ್ತೆ, ಆ ಎಚ್ಚರಿಕೆ ಒಳ್ಳೇದೇ. ಅದನ್ನ ಬಾಯಿ ಮುಚ್ಚಿಸೋಕೆ ಕಾಸ್ಟ್ ಹಾಕಿದಿರೋ, ಡೇಟಾ ಓದಲಷ್ಟೇ ಬರೋ ಪುಟದಲ್ಲಿ ಕೂತಿರುತ್ತೆ, ಬಿಪಿಎಫ್ ಅಲ್ಲಿಗೆ ಬರೆಯೋಕೆ ಹೋದಾಗ ನೇರವಾಗಿ ಊಪ್ಸ್, ಅಂದ್ರೆ ಕರ್ನೆಲ್ ದೋಷ. ಮೂಲ ಕಾನ್ಸ್ಟ್ ಇರಲಿ, ಕೊಡೋದು ನಕಲಿರಲಿ.

ನಿಮ್ಮ ಪ್ರಶ್ನೆಯ ಇನ್ನೊಂದು ತುದಿ, ಅಂದ್ರೆ ಒಟ್ಟಾರೆ ನೆಟ್‌ವರ್ಕಿಂಗ್ ಫಂಕ್ಷನ್‌ಗಳು ಹೀಗೆ ಮಾಡಬಹುದಾ ಅನ್ನೋದು. ಯೂಸರ್ ಸ್ಪೇಸಿನಲ್ಲೂ ಮಾಡ್ತವೆ, ಅಲ್ಲಿ ಮ್ಯಾನುವಲ್ ಪುಟದಲ್ಲಿ ಬರೆದು ಹೇಳಿರ್ತಾರೆ ಅಷ್ಟೇ. ನನಗೆ ಪಾಠ ಕಲಿಸಿದ್ದು ಸೆಲೆಕ್ಟ್, ಅಂದ್ರೆ ಸಾಕೆಟ್ಟಿಗೆ ಏನಾದರೂ ಬರುತ್ತಾ ಅಂತ ಕಾಯೋ ಕಾಲ್. ತೋಟದ ಐಪಿ ಸೆಟ್ಟಿಗೆ (ನಮ್ಮ ಕಡೆ ಐಪಿ ಸೆಟ್ ಅಂದ್ರೆ ಇಂಟರ್ನೆಟ್ಟಿಗೆ ಸಂಬಂಧ ಇಲ್ಲ, ನೀರಾವರಿ ಪಂಪು) ಒಂದು ಕಂಟ್ರೋಲರ್ ಬರೆದಿದ್ದೆ. ಟ್ಯಾಂಕಿನ ಕಡೆಯಿಂದ ಯುಡಿಪಿ ಸಂದೇಶ ಬರುತ್ತೆ, ಹತ್ತು ಸೆಕೆಂಡ್ ಏನೂ ಬರದಿದ್ದರೆ ತ್ರೀ ಫೇಸ್ ಇದೆಯಾ ಅಂತ ಒಮ್ಮೆ ನೋಡಬೇಕು. ಹಳೇ ಫ್ರೀಬಿಎಸ್‌ಡಿ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ತಕರಾರಿಲ್ಲದೆ ಓಡಿತ್ತು. ಅದೇ ಕೋಡನ್ನ ರಾಸ್ಪ್‌ಬೆರಿ ಪೈಗೆ ಹಾಕಿದೆ, ಸಿಪಿಯು ನೂರಕ್ಕೆ ನೂರು, ಪೆಟ್ಟಿಗೆ ಬಿಸಿ ಬಿಸಿ. ಎರಡು ದಿನ ಪವರ್ ಅಡಾಪ್ಟರಿಗೆ ಬೈದೆ. ಕೊನೆಗೆ ನೋಡಿದರೆ ಟೈಮ್ಔಟನ್ನ ಲೂಪಿನ ಹೊರಗೆ ಒಂದೇ ಸಲ ತುಂಬಿದ್ದೆ. ಲಿನಕ್ಸಿನ ಸೆಲೆಕ್ಟ್ ವಾಪಸ್ ಬರುವಾಗ ಆ ಟೈಮ್‌ವಾಲ್ ಒಳಗೆ ಉಳಿದ ಸಮಯ ಬರೆದಿಡುತ್ತೆ. ಹತ್ತು ಸೆಕೆಂಡ್ ಮುಗಿದರೆ ಉಳಿದದ್ದು ಸೊನ್ನೆ, ಮುಂದಿನ ಸಲ ಕರೆದ ತಕ್ಷಣ ವಾಪಸ್, ಮತ್ತೆ ವಾಪಸ್. ಫ್ರೀಬಿಎಸ್‌ಡಿ ಅದನ್ನ ಮುಟ್ಟಲ್ಲ. ಪಾಸಿಕ್ಸ್ ಮಾನದಂಡ ಎರಡಕ್ಕೂ ಒಪ್ಪಿಗೆ ಕೊಟ್ಟಿದೆ, ಆದ್ದರಿಂದ ಜಗಳಕ್ಕೆ ಹೋಗೋಕೂ ದಾರಿ ಇಲ್ಲ.

ಸೆಲೆಕ್ಟಿನ ಎಫ್‌ಡಿ_ಸೆಟ್‌ಗಳಂತೂ (ಯಾವ ಸಾಕೆಟ್ ನೋಡಬೇಕು ಅನ್ನೋ ಪಟ್ಟಿಗಳು) ಎಲ್ಲ ಕಡೆ ತಿದ್ದಿಹೋಗ್ತವೆ, ಪ್ರತಿ ಸುತ್ತಿಗೂ ಹೊಸದಾಗಿ ತುಂಬಬೇಕು. ಅದೇ ಕೆಲಸದ ಪೋಲ್ ಕಾಲ್ ಮಾಡಿದವರು ಇಲ್ಲಿ ಜಾಣತನ ತೋರಿಸಿದ್ದಾರೆ: ಕೇಳೋದಕ್ಕೆ ಇವೆಂಟ್ಸ್, ಉತ್ತರಕ್ಕೆ ಆರ್‌ಇವೆಂಟ್ಸ್ ಅಂತ ಬೇರೆ ಬೇರೆ ಖಾನೆ. ಸೆಲೆಕ್ಟಿನ ಇನ್ನೊಂದು ರೂಪ ಪಿಸೆಲೆಕ್ಟ್ ಟೈಮ್ಔಟ್ ತಿದ್ದಬಾರದು ಅಂತ ನಿಯಮ. ತಮಾಷೆ ಏನಂದ್ರೆ ಲಿನಕ್ಸಿನ ಒಳಗಿನ ಪಿಸೆಲೆಕ್ಟ್6 ಕಾಲ್ ತಿದ್ದಿಯೇ ತಿದ್ದುತ್ತೆ, ಜಿಲಿಬ್‌ಸಿ (ಲಿನಕ್ಸಿನ ಸಿ ಲೈಬ್ರರಿ) ತನ್ನದೊಂದು ನಕಲು ಕೊಟ್ಟು ನಮಗೆ ಕಾಣದ ಹಾಗೆ ಮುಚ್ಚಿಡುತ್ತೆ. 2023ರಲ್ಲಿ ಕರ್ನೆಲ್_ಕನೆಕ್ಟಿಗೆ ಮಾಡಿದ್ದೂ ಇದೇ ಉಪಾಯ.

ಆಕ್ಸೆಪ್ಟ್, ರಿಸೀವ್‌ಫ್ರಮ್, ಗೆಟ್‌ಸಾಕ್‌ನೇಮ್ ಇವುಗಳಲ್ಲಿ ಉದ್ದದ ಆರ್ಗ್ಯುಮೆಂಟ್ ಎರಡು ಕಡೆ ಕೆಲಸ ಮಾಡುತ್ತೆ. ಹೋಗುವಾಗ ನಿಮ್ಮ ಬಫರ್ ಎಷ್ಟು ದೊಡ್ಡದು, ಬರುವಾಗ ವಿಳಾಸ ಎಷ್ಟು ಉದ್ದ. ಯುನಿಕ್ಸ್ ಡೇಟಾಗ್ರಾಂ ಸಾಕೆಟ್ ಮೇಲೆ ರಿಸೀವ್‌ಫ್ರಮ್ ಲೂಪ್ ಬರೆದು ಇದನ್ನ ಮರೆತರೆ ಚೆನ್ನಾಗಿ ಆಟ ಆಡಿಸುತ್ತೆ. ಬೈಂಡ್ ಆಗದ (ತನ್ನದೇ ವಿಳಾಸ ಇಲ್ಲದ) ಒಬ್ಬ ಕಳಿಸಿದ ಅಂದ್ರೆ ಉದ್ದ ಸೊನ್ನೆಯಾಗಿ ಬರುತ್ತೆ. ಅದನ್ನೇ ಮುಂದಿನ ಕರೆಗೆ ಕೊಟ್ಟರೆ, ಎರಡನೆಯವನು ಸರಿಯಾದ ಹೆಸರಿಟ್ಟುಕೊಂಡು ಬಂದರೂ ಅವನ ವಿಳಾಸ ತುಂಬೋಕೆ ಜಾಗವೇ ಇಲ್ಲ ಅಂತ ಕರ್ನೆಲ್ ತಿಳ್ಕೊಳ್ಳುತ್ತೆ. ಇನ್ನು ಇಂಟರ್‌ಫೇಸಿನ ಐಆಕ್ಟಲ್‌ಗಳು: ಐಎಫ್‌ರೆಕ್ ಒಳಗಿರೋದು ಯೂನಿಯನ್ (ಎಲ್ಲಕ್ಕೂ ಒಂದೇ ಜಾಗ), ಫ್ಲಾಗ್ಸ್ ಓದಿ ಅದೇ ಸ್ಟ್ರಕ್ಟಿನಲ್ಲಿ ವಿಳಾಸ ಕೇಳಿದರೆ ಫ್ಲಾಗ್ಸ್ ಮೇಲೆ ವಿಳಾಸ ಬಂದು ಕೂತಿರುತ್ತೆ. ಇವೆಲ್ಲ ಎಸ್‌ಟ್ರೇಸ್ (ಸಿಸ್ಟಂ ಕಾಲ್ ತೋರಿಸೋ ಸಾಧನ) ಹಾಕಿದರೆ ಕಣ್ಣಿಗೆ ಕಾಣ್ತವೆ. ಸೆಲೆಕ್ಟಿನ ಸಾಲಿನ ಕೊನೆಗೆ ಎಷ್ಟು ಸಮಯ ಉಳಿಯಿತು ಅಂತ ತೋರಿಸುತ್ತೆ, ಆಕ್ಸೆಪ್ಟಿನಲ್ಲಿ 128 ಹೋಗಿ 16 ಆಯ್ತು ಅಂತ ಬಾಣ ಹಾಕಿ ತೋರಿಸುತ್ತೆ.

ಕರ್ನೆಲ್ ಒಳಗೆ ಮಾತ್ರ ಎಸ್‌ಟ್ರೇಸ್ ಇಲ್ಲ, ಮ್ಯಾನುವಲ್ ಪುಟಾನೂ ಇಲ್ಲ. ಕೋಡ್ ಓದಬೇಕು. ನೀವು ಮುಂದೆ ಪ್ಯಾಕೆಟ್ ಹುಕ್ ಬರೀತೀನಿ ಅಂದಿದ್ದೀರಿ, ಆದ್ದರಿಂದ ಇದೊಂದು ಈಗಲೇ ಹೇಳಿಡ್ತೀನಿ: ಪಿಎಸ್‌ಕೆಬಿ_ಮೇ_ಪುಲ್ ಹೆಸರು ಕೇಳಿದರೆ ಬರೀ ಪರೀಕ್ಷೆ ಮಾಡೋ ಫಂಕ್ಷನ್ ತರ ಇದೆ, ಆದರೆ ಅದು ಎಸ್‌ಕೆಬಿಯ (ಕರ್ನೆಲ್ ಪ್ಯಾಕೆಟ್ ಇಡೋ ಸ್ಟ್ರಕ್ಟಿನ) ಹೆಡ್ ಬಫರನ್ನೇ ಬೇರೆ ಕಡೆ ಎತ್ತಿ ಇಡಬಹುದು. ಅದಕ್ಕೂ ಮುಂಚೆ ಐಪಿ ಹೆಡರಿನ ಪಾಯಿಂಟರ್ ತೆಗೆದಿಟ್ಟುಕೊಂಡಿದ್ದರೆ ಅದು ಈಗ ಬಿಟ್ಟುಹೋದ ಮನೆಯ ವಿಳಾಸ. ಕರೆದ ಮೇಲೆ ಮತ್ತೆ ತಗೊಳ್ಳಿ. ಡೆವ್_ಕ್ಯೂ_ಎಕ್ಸ್‌ಮಿಟ್ (ಪ್ಯಾಕೆಟ್ ಹೊರಗೆ ಕಳಿಸೋ ಫಂಕ್ಷನ್) ಇನ್ನೂ ಒಂದು ಹೆಜ್ಜೆ ಮುಂದೆ, ಗೆದ್ದರೂ ಸೋತರೂ ಎಸ್‌ಕೆಬಿಯನ್ನ ತಾನೇ ನುಂಗಿಕೊಳ್ಳುತ್ತೆ. ಎರರ್ ಬಂತು ಅಂತ ನೀವು ಮತ್ತೊಮ್ಮೆ ಫ್ರೀ ಮಾಡಿದರೆ ಎರಡು ಸಲ ಫ್ರೀ.

ನಿಮ್ಮ ಕ್ಲಸ್ಟರಿನಲ್ಲಿ ಖಚಿತ ಮಾಡಿಕೊಳ್ಳೋಕೆ ಬಿಪಿಎಫ್‌ಟೂಲ್ ಸಿಗ್ರೂಪ್ ಟ್ರೀ ಅಂತ ಹೊಡೀರಿ. ಮರದ ಬೇರಿನಲ್ಲೇ ಕನೆಕ್ಟ್4ಕ್ಕೆ (ಐಪಿವಿ4ರ ಕನೆಕ್ಟ್ ಹುಕ್ಕಿಗೆ) ಕಟ್ಟಿದ ಪ್ರೋಗ್ರಾಂ ಕಾಣಬೇಕು. ಆಮೇಲೆ ಪಾಡನ್ನ ಬೇಕಂತಲೇ ಬೇರೆ ಮಷೀನಿಗೆ ಓಡಿಸಿ, ಎಸ್‌ಎಸ್ ಕಮ್ಯಾಂಡಿನಲ್ಲಿ ಸಿನ್-ಸೆಂಟ್ (ಸಂಪರ್ಕ ಕೇಳಿ ಉತ್ತರಕ್ಕೆ ಕಾಯ್ತಿರೋ) ಸ್ಥಿತಿಯ ಸಾಕೆಟ್ ನೋಡಿ. ಅದು 10.0.2.17 ಕಡೆಗೇ ತೋರಿಸ್ತಿದ್ದರೆ ಮೂಲ ಪ್ರತಿ ಕೆಟ್ಟಿದೆ. ಒಂದು ಗೊಂದಲ ಮಾಡ್ಕೋಬೇಡಿ: ಸರಿಪಡಿಸಿದ ಮೇಲೂ, ಸಂಪರ್ಕ ಚೆನ್ನಾಗಿರುವಾಗ ಎಸ್‌ಎಸ್ ಪಾಡ್ ಐಪಿಯನ್ನೇ ತೋರಿಸುತ್ತೆ, ಯಾಕಂದ್ರೆ ಟಿಸಿಪಿ ನಿಜವಾಗಿ ಮಾತಾಡ್ತಿರೋದು ಅದರ ಜೊತೆಗೇ. ನೋಡಬೇಕಾದ್ದು ಪಾಡ್ ಜಾಗ ಬಿಟ್ಟ ಮೇಲೆ ಹೊಸ ಸಿನ್ ಹೊಸ ಪಾಡಿನ ಐಪಿಗೆ ಹೋಗ್ತಿದೆಯಾ ಅನ್ನೋದು.

ಕೊನೆಗೆ, ನೀವು ಹಾಕಿದ ಕೋಡಿನಲ್ಲೇ ಇನ್ನೊಂದು ಕಣ್ಣಿಗೆ ಬಿತ್ತು. ಕರ್ನೆಲ್_ಸೆಂಡ್ಎಂಎಸ್‌ಜಿ ಅರ್ಧ ಕಳಿಸಿ ವಾಪಸ್ ಬಂದಾಗ ಅದೇ ಕೆವೆಕ್ (ಡೇಟಾ ಎಲ್ಲಿದೆ, ಎಷ್ಟಿದೆ ಅನ್ನೋ ಸ್ಟ್ರಕ್ಟ್) ಕೊಟ್ಟು ಮತ್ತೆ ಕರೀತಿದ್ದೀರಿ. ಇಲ್ಲಿ ಸಮಸ್ಯೆ ಉಲ್ಟಾ, ಅದು ನಿಮ್ಮ ಕೆವೆಕ್ ಅನ್ನು ಮುಟ್ಟಲ್ಲ. ಒಳಗಿನ ಇಟರೇಟರ್ ಮುಂದೆ ಹೋಗಿರುತ್ತೆ ನಿಜ, ಆದರೆ ಪ್ರತಿ ಕರೆಗೂ ಅದನ್ನ ಕೆವೆಕ್‌ನಿಂದ ಹೊಸದಾಗಿ ಕಟ್ಟುತ್ತೆ. ಹಾಗಾಗಿ ಕಳಿಸಿದಷ್ಟು ಬೈಟನ್ನ ಬೇಸಿಗೆ ಕೂಡಿಸಿ, ಉದ್ದದಿಂದ ಕಳೆಯೋದು ನಿಮ್ಮ ಕೆಲಸ. ಲಾಗಿನಲ್ಲಿ ಆಗಾಗ ಒಂದೇ ಸಾಲಿನ ತಲೆ ಎರಡು ಸಲ ಬರ್ತಿದೆ ಅಂದಿದ್ರಲ್ಲ, ಅದು ಇದರಿಂದಲೇ ಇರಬೇಕು. ಎರಡನ್ನೂ ತಿದ್ದಿ ಒಂದು ರಾತ್ರಿ ಓಡಿಸಿ, ಪಾಡನ್ನ ನಾಲ್ಕೈದು ಸಲ ಅಲ್ಲಿ ಇಲ್ಲಿ ಓಡಾಡಿಸಿ, ಡಿಮೆಸೇಜ್ (ಕರ್ನೆಲ್ ಲಾಗ್) ಇಲ್ಲೇ ಹಾಕಿ. ಸಂಜೆ ಏಳರ ಮೇಲೆ ನೋಡ್ತೀನಿ, ಹಗಲು ತೋಟದಲ್ಲಿರ್ತೀನಿ, ಅಲ್ಲಿ ಸಿಗ್ನಲ್ ಸಿಗಲ್ಲ.