ನಾಸಿರುದ್ದೀನ್ ಶಾ ಅವರು ರಾಜೇಶ್ ಖನ್ನಾರನ್ನು ಟೀಕಿಸಿದ್ದು ಯಾಕೆ?
2016ರ ಜುಲೈನಲ್ಲಿ ಒಂದು ಸಂದರ್ಶನದಲ್ಲಿ ಶಾ ಆಡಿದ ಮಾತಿದು. ಎಪ್ಪತ್ತರ ದಶಕದಲ್ಲಿ ಹಿಂದಿ ಸಿನಿಮಾದ ಕಥೆ, ನಟನೆ, ಸಂಗೀತ ಎಲ್ಲ ಕಳಪೆಯಾಯಿತು, ಅದು ಶುರುವಾಗಿದ್ದೇ ಖನ್ನಾ ಕಾಲದಲ್ಲಿ ಅನ್ನೋದು ಅವರ ವಾದ. ಖನ್ನಾ ತೀರಿಕೊಂಡು ಆಗಲೇ ನಾಲ್ಕು ವರ್ಷ. ಮಗಳು ಟ್ವಿಂಕಲ್ ಸಿಟ್ಟಾದರು. ಶಾ ಕ್ಷಮೆ ಕೇಳಿದರು, ನಾನು ಹೇಳಿದ್ದು ಆ ಕಾಲದ ಬಗ್ಗೆ ಎಂದರು.

ಶಾ ಅವರಂತೆ ನಾಟಕದಲ್ಲಿ ಪಳಗಿದವರಿಗೆ ಸ್ಟಾರ್‌ಗಿರಿ ಅಷ್ಟಾಗಿ ಹಿಡಿಸಲ್ಲ. ನಮ್ಮ ತುಮಕೂರು ಕಡೆಯವರಿಗೆ ಇದು ಬೇಗ ಅರ್ಥವಾಗುತ್ತೆ. ರಾಜ್‌ಕುಮಾರ್, ತಿಪಟೂರಿನ ನರಸಿಂಹರಾಜು ಇಬ್ಬರೂ ನಮ್ಮ ಜಿಲ್ಲೆಯ ಗುಬ್ಬಿ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿಯೇ ಸಿನಿಮಾಗೆ ಹೋದವರು, ಅಲ್ವಾ? ಆದರೆ ಸಂಗೀತದ ಮಾತು ಮಾತ್ರ ನಾನು ಒಪ್ಪಲ್ಲ. ಆ ಕಾಲದ ಸಂಗೀತ ನಿರ್ದೇಶಕ ಆರ್.ಡಿ. ಬರ್ಮನ್ ಹಾಡುಗಳು ಕಳಪೆಯಂತಾ? ನಮ್ಮೂರ ಆರ್ಕೆಸ್ಟ್ರಾದವರ ಮುಂದೆ ಹೇಳಿ ನೋಡಿ!